ಸೊನ್ನೆ ಬರೆಯುವ ಕೆಲಸ

ಡೋಣಿ ದಂಡಿ ಕರೀ ಮಣ್ಣಿನ ಮ್ಯಾಲ
ಒಂದು ಸಣ್ಣ ದೇಶದಂಗ ಇತ್ತು ಆ ಊರು.
ಅದಕ್ಕೊಂದು ಗಡಿ, ಅದಕ್ಕೊಬ್ಬ ಗೌಡ,
ಅದಕ್ಕೊಂದು ಬಾವಿ.
ಇಪ್ಪತ್ತೆರಡು ಮೆಟ್ಟಿಲು ಇಳಿದು
ಮೊಣಕಾಲಮಟ ನಿಂತು ಕೊಡ ತುಂಬೂ ಬಾವಿ.

ನಾ ಬಂದಾಗ ಸೈಕಲ್ಲಿಗೊಂದು ತಗಡಿನ ಡಬ್ಬಿ,
ಬಗಲಾಗ ಸರಕಾರದ ರಿಜಿಸ್ಟರು.
ಮೊದಲ ವರ್ಷ ಅದರಾಗ ಬರೆದದ್ದು: ನಲವತ್ತೇಳು.
ನಲವತ್ತೇಳು ಮಂದಿಗೆ ನಾರುಹುಣ್ಣು.
ಸರಿಯಾಗಿ ಕೂರಿಗಿ ಹೂಡೂ ಹೊತ್ತಿಗೆ
ಹಿಮ್ಮಡಿ ಸೀಳಿ ಹೊರಗ ಇಣುಕತಿತ್ತು ಹುಳ,
ಬಿಳೇ ಸೇವಿಗಿ ಎಳಿಯಂಗ.

ಚಂದವ್ವ ಹಡಪದ ಕಟ್ಟಿ ಮ್ಯಾಲ ಕುಂತು
ಬೆಂಕಿಕಡ್ಡಿಗೆ ಅದರ ತುದಿ ಸುತ್ತಿದ್ದಳು.
ದಿನಕ್ಕ ಒಂದು ಬೆರಳು, ಅಷ್ಟ.
ಎಳದ್ರ ಹರಿತೈತಿ,
ಹರಿದ್ರ ಒಳಗ ಉಳದದ್ದು ತೊಡಿಮಟ ಬಾವು ತರತೈತಿ.
ನಿಂಗಪ್ಪ ಮೇತ್ರಿ ಸಿಟ್ಟಿಲೆ ಎಳದು
ಮೂರು ತಿಂಗಳು ಹೊರಸು ಬಿಟ್ಟು ಏಳಲಿಲ್ಲ.
"ಅವಸರ ಮಾಡಬ್ಯಾಡ ತಮ್ಮಾ, ಸುತ್ತಬೇಕು"
ಅಂತ ಚಂದವ್ವ ನನಗ ಹೇಳಿದಳು,
ಹೇಳಾಕ ಬಂದವ ನಾನು.

ನಾನೂ ಎಳದೆ.
ಬಂದ ವಾರದಾಗ ಔಷಧದ ಕ್ಯಾನು ಹಿಡಿದು
ಬಾವಿಗೆ ಹೋದ್ರ, ಮ್ಯಾಲಿನ ಮೆಟ್ಟಿಲದಾಗ
ಕೊಡ ಅಡ್ಡ ಹಿಡಿದು ನಿಂತಿದ್ರು ಹೆಣ್ಣಮಕ್ಕಳು.
ಬಾವಿಗೆ ಎಣ್ಣಿ ಹಾಕಾಕ ಬಂದಾನ!
ಕಾಶೀಬಾಯಿ ಬಿರಾದಾರ ಅಂದಳು: ಮೊದಲ ನೀ ಕುಡಿ.
ಅಳತಿ ಮಾಡಿ ಬೆರಸಿ, ಒಂದು ತಂಬಿಗಿ ಕುಡದೆ.
ಸಂಜೀಮಟ ಸುತ್ತ ಕುಂತು ನೋಡಿದ್ರು.
ನಾ ಸಾಯಲಿಲ್ಲ.
ಕತ್ತಲಾದ ಮ್ಯಾಲ ಆಕಿನ
ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು.

ಆಮ್ಯಾಲ ಗಾಜಿನ ಲೋಟ ಬಿಸಿಲಿಗೆ ಹಿಡಿದು ತೋರಿಸಿದೆ.
ನೀರಾಗ ಚುಕ್ಕಿ ಜಿಗಿದಾಡತಿದ್ವು.
ಮುದುಕ ಲಾಡ್ಲೇಸಾಬ ಭಾಳ ಹೊತ್ತು ನೋಡಿ
"ಇಷ್ಟೊರ್ಷ ದೇವರ ಮ್ಯಾಲ ಹಾಕಿದ್ವಲ್ಲಪ" ಅಂದ,
ತನ್ನ ಪಟಗದ ಅರಿವಿ ಬಿಚ್ಚಿ
ಎರಡು ಪದರ ಮಡಚಿ ಕೊಡದ ಬಾಯಿಗೆ ಕಟ್ಟಿದ.

ಮೂವತ್ತೊಂದು.
ಮರುವರ್ಷ ಮೂವತ್ತಾರು.
ಹೌದು, ಏರಿತು. ಬೋರಿನ ನೀರು ಸವಳು,
ಬ್ಯಾಳಿ ಬೇಯೂದಿಲ್ಲ, ಚಹಾ ಒಡೀತೈತಿ;
ಎಲ್ಲಾರೂ ಮತ್ತ ಬಾವಿಗೆ ಇಳದ್ರು.
ಯಾರ ತಪ್ಪು ಅದು? ಬ್ಯಾಳಿ ಬೇಯಬೇಕಲ್ಲ.
ಮೆಟ್ಟಿಲಿಗೆ ಗ್ವಾಡಿ ಕಟ್ಟಿ, ರಾಟಿ ಕೂಡಿಸಿ,
ಬಾವಿ ನೀರು ಬಾವಿದ, ಕಾಲು ಮಾತ್ರ ಹೊರಗ ಅಂದೆವು.
ಒಂಬತ್ತು. ಎರಡು.
ಒಂದು. ಅವ ಕುರಿ ಹಿಂಡಿನ ಹುಡುಗ,
ಯಾವ ಹಳ್ಳದ ನೀರು ಕುಡದಿದ್ದನೋ.
ಆಮ್ಯಾಲ ಸೊನ್ನೆ.

ಸೊನ್ನೆ ಕುಂತಲ್ಲೆ ಬರಿಯೂ ಅಂಕಿ ಅಲ್ಲ.
ತಿಂಗಳಾ ಮನಿಮನಿ ತಿರುಗಿ
ಧೋತರ ಎತ್ರಿ, ಸೀರಿ ತುಸು ಮ್ಯಾಲ ಹಿಡೀರಿ ಅಂತ
ಕಾಲು ನೋಡಿ ಬರೀಬೇಕು.
ಮೂರು ವರ್ಷ ಅದನ್ನ ಬರೆದೆ.
ಹೆಂಡತಿ ಕೇಳಿದಳು: ಏನೂ ಇಲ್ಲ ಅನ್ನಾಕ
ಇಷ್ಟು ಚಪ್ಪಲಿ ಸವಸಬೇಕೇನು?
ನಾರು ತೋರಿಸಿದವರಿಗೆ ಬಹುಮಾನ ಅಂತ ಗ್ವಾಡಿ ಮ್ಯಾಲ ಬರಸಿದಾಗ
ಹುಡುಗನೊಬ್ಬ ಗೋಂದು ಹಚ್ಚಿ ಮೀನಗಂಡಕ್ಕ ಬಿಳೇ ದಾರ ಅಂಟಿಸಿಕೊಂಡು
ಕುಂಟಿಕೋತ ಬಂದ.
ಪೆಪ್ಪರಮಿಂಟು ಕೊಟ್ಟು ಸೊನ್ನೆ ಬರೆದೆ.

ಸಾಹೇಬರು ಬಂದು ಕೈ ಕುಲುಕಿದ್ರು, ಚಹಾ ಕುಡದ್ರು.
ರಿಜಿಸ್ಟರು ಬಿಜಾಪುರದ ಕಪಾಟಿನ್ಯಾಗ ಹೋತು.
ಚಂದವ್ವ ಕೊನೀತನಕ ಕಾಲು ತೊಳಿಯುವಾಗ
ಕಲಿ ಇದ್ದ ಜಾಗಾಕ್ಕ
ಒಂದು ಬೊಗಸಿ ನೀರು ಹೆಚ್ಚು ಹಾಕತಿದ್ದಳು.

ನಿನ್ನೆ ಮೊಮ್ಮಗಳು ಪಡಸಾಲ್ಯಾಗ
ಗಾದಿಮಾತು ಗಟ್ಟಿ ಮಾಡಾಕತ್ತಿದ್ದಳು:
ಹೂವಿನಿಂದ ನಾರೂ ಸ್ವರ್ಗಕ್ಕ ಹೋತು.
"ಅಜ್ಜಾ, ನಾರು ಅಂದ್ರೇನು?"

ಆಕಿ ಕಾಲು ನೋಡಿದೆ. ಮಣ್ಣು, ಗೆಜ್ಜಿ,
ಒಂದು ತರಚುಗಾಯ, ಆಟದ್ದು.

"ಹೂ ಕಟ್ಟೂ ದಾರವಾ" ಅಂದೆ.

"ಅಷ್ಟನಾ?"

ಅಷ್ಟ.